ಅಮ್ಮನ ಮೂಗುಬೊಟ್ಟಿನ ಚುಕ್ಕಿಗಳು

ಜಯಸಿಂಹನ ಎರಡನೇ ಶನಿವಾರ ಹಾಳಾದದ್ದು ಅಂಟುವಾಳದ ಕಾಯಿಯಿಂದ. ಅವನ ಹೆಂಡತಿ ಗೋದಾ ಮೂಗುಬೊಟ್ಟನ್ನು ಅಷ್ಟು ಚೆನ್ನಾಗಿ ತೊಳೆಯದೇ ಇದ್ದಿದ್ದರೆ, ಅದರ ಮಂಕನ್ನೆಲ್ಲ ಒಗ್ಗರಣೆಯ ಹೊಗೆಯ ಮೇಲೋ ಮುಖದ ಕ್ರೀಮಿನ ಮೇಲೋ ಹೊರಿಸಿ ಪಾರಾಗಬಹುದಿತ್ತು. ಆದರೆ ಗೋದಾ ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ಹಿಂದಿನ ದಿನವೇ ಅಂಟುವಾಳ ನೆನೆಹಾಕಿ, ಬೆಳಿಗ್ಗೆ ಹಳೆಯ ಟೂತ್‌ಬ್ರಷ್ಷಿನಿಂದ ಹರಳನ್ನು ಉಜ್ಜಿ, ಮೆತ್ತನೆ ಪಂಚೆಯ ತುಂಡಿನಲ್ಲಿ ಒರೆಸಿ, ಬೊಟ್ಟು ಬೇರೆ ತಿರುಪು ಬೇರೆಯಾಗಿ ಬೆಳ್ಳಿಯ ಬಟ್ಟಲಲ್ಲಿಟ್ಟು ನಾದಿನಿ ಭಾವನಾಳ ಕೈಗೆ ಕೊಟ್ಟಳು.

ಮರುದಿನ ಭಾವನಾಳ ಮಗಳು ಮಹತಿಯ ನಿಶ್ಚಿತಾರ್ಥ. ಅಜ್ಜಿಯ ಮೂಗುಬೊಟ್ಟು ಮೊಮ್ಮಗಳಿಗೇ ಸೇರಲಿ ಎಂದು ಮೊದಲು ಬಾಯಿಬಿಟ್ಟವಳು ಗೋದಾನೇ. ಆ ಒಂದು ಹರಳಿಗಾಗಿ ಮಹತಿ ಹೋದ ತಿಂಗಳು ಮೂಗು ಚುಚ್ಚಿಸಿಕೊಂಡು, ಅದು ಊದಿಕೊಂಡು, ಆಫೀಸಿನಲ್ಲಿ ಶೀತವೆಂದು ಸುಳ್ಳು ಹೇಳಿ ಮಾಸ್ಕಿನೊಳಗೆ ಓಡಾಡಿದ್ದಳು. ತಾಯಿ ಮಗಳು ಆರ್.ಟಿ. ನಗರದಿಂದ ಅಟ್ಟೂರಿಗೆ ತಿಂಡಿಯ ಹೊತ್ತಿಗೇ ಬಂದಿಳಿದಿದ್ದರು.

ಭಾವನಾ ಬಟ್ಟಲು ಹಿಡಿದುಕೊಂಡು ಮುಂಬಾಗಿಲಿಗೆ ಹೋದಳು. ಆ ಮನೆಗೆ ಬಿಸಿಲು ಬರುವುದು ಬೆಳಗಿನ ಹೊತ್ತು ಅಲ್ಲಿ ಮಾತ್ರ. ಹಿಂದಿನ ಕಿಟಕಿಯ ಬಿಸಿಲನ್ನು ಪಕ್ಕದ ಮನೆಯ ಅನಂತರಾಜು ಕಟ್ಟಿಸಿದ ನಾಲ್ಕು ಮಹಡಿ ಎಂದೋ ನುಂಗಿಹಾಕಿತ್ತು. ಅವಳು ಬೊಟ್ಟನ್ನು ಎರಡು ಬೆರಳಲ್ಲಿ ಹಿಡಿದು ಬಿಸಿಲಿಗೆ ಒಡ್ಡಿ, ಸುಣ್ಣ ಹೊಡೆದ ಗೋಡೆಯನ್ನೇ ನೋಡುತ್ತ ನಿಂತಳು. ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು. ಗೋಡೆ ಗೋಡೆಯಾಗಿಯೇ ಉಳಿಯಿತು.

“ಅಣ್ಣ, ಚುಕ್ಕಿ ಎಲ್ಲಿ?” ಅಂದಳು.

ಜಯಸಿಂಹನ ಕೈಯಲ್ಲಿದ್ದ ಇಡ್ಲಿ ಅಲ್ಲೇ ನಿಂತಿತು. ಚುಕ್ಕಿ ಎಂದರೇನು ಎಂದು ಆ ಮನೆಯಲ್ಲಿ ಅವರಿಬ್ಬರಿಗೇ ಗೊತ್ತು. ಯಶವಂತಪುರದ ವಠಾರದಲ್ಲಿ ಅವರದು ಎರಡೇ ಕೋಣೆಯ ಮನೆ. ಮಧ್ಯಾಹ್ನ ಇಳಿಹೊತ್ತಿನ ಬಿಸಿಲು ಬಾಗಿಲಿಂದ ಒಳಗೆ ಬರುತ್ತಿತ್ತು. ಅಮ್ಮ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದರು. ಆಗ ಎದುರು ಗೋಡೆಯ ಮೇಲೆ ಬಣ್ಣಬಣ್ಣದ ಚುಕ್ಕಿಗಳು ಏಳುತ್ತಿದ್ದವು. ಅಮ್ಮ ತಲೆ ಅಲ್ಲಾಡಿಸಿದರೆ ಅವು ಓಡುತ್ತಿದ್ದವು, ತಲೆ ಬಗ್ಗಿಸಿದರೆ ನೆಲಕ್ಕಿಳಿಯುತ್ತಿದ್ದವು. ಅಣ್ಣ ತಂಗಿ ಹಿಡಿಯಲು ಹಾರಿ ಹಾರಿ, ಗೋಡೆಯ ಸುಣ್ಣವೆಲ್ಲ ಅಂಗೈಗೆ ಬಂದಿತ್ತು. ಅಮ್ಮನ ಮೂಗಿನಲ್ಲಿ ಇಂಥದೊಂದು ವಜ್ರವಿರುವಾಗ ನಾವು ಬಡವರು ಹೇಗಾದೇವು ಎಂದು ಆ ವಯಸ್ಸಿನಲ್ಲಿ ಜಯಸಿಂಹನಿಗೆ ಅನ್ನಿಸುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೊಟ್ಟನ್ನು ಬಿಚ್ಚಿ, ಆಗಷ್ಟೇ ಮನೆಗೆ ಬಂದಿದ್ದ ಸೊಸೆ ಗೋದಾಳ ಮೂಗಿಗೆ ತಾವೇ ಇಟ್ಟಿದ್ದರು. ಅಲ್ಲಿಂದೀಚೆಗೆ ಚುಕ್ಕಿಯ ಮಾತು ಯಾರೂ ಎತ್ತಿರಲಿಲ್ಲ. ದೊಡ್ಡವರಾದ ಮೇಲೆ ಗೋಡೆ ನೋಡುವವರು ಯಾರು.

“ಇದು ಅಮ್ಮಂದಲ್ಲ,” ಅಂದಳು ಭಾವನಾ.

ಅಡುಗೆಮನೆಯಲ್ಲಿ ಚಟ್ನಿ ತಿರುವುತ್ತಿದ್ದ ಮಿಕ್ಸಿ ನಿಂತಿತು. ಗೋದಾ ಹೊರಗೆ ಬಂದಳು. “ಏನಂದ್ರಿ ಭಾವನಾ?”

ಗೋದಾ ಎಂದೂ ನಾದಿನಿಗೆ ನೀವು ಅಂದವಳಲ್ಲ. ಜಯಸಿಂಹ ಇಡ್ಲಿಯನ್ನು ತಟ್ಟೆಗೆ ಹಾಕಿ ಕೈ ಒರೆಸಿಕೊಂಡ.

“ನಿಮ್ಮನ್ನಲ್ಲ ಅತ್ತಿಗೆ,” ಅಂದಳು ಭಾವನಾ. “ತಿರುಪು ಸಡಿಲ ಆಯ್ತು ಅಂತ ಒಂದ್ಸಲ ರಿಪೇರಿಗೆ ಕೊಟ್ಟಿದ್ರಲ್ಲ, ಆವಾಗ ಅಂಗಡಿಯೋನು ಹರಳು ಬದಲಾಯಿಸಿರ್ಬಹುದು. ಇಲ್ಲಾ, ಬೇರೆ ಏನೋ ಆಗಿರ್ಬಹುದು.”

“ನಾನು ಅಂಗಡಿ ಮುಂದೆ ಸ್ಟೂಲ್ ಹಾಕ್ಕೊಂಡು ಕೂತು ರಿಪೇರಿ ಮಾಡಿಸ್ದೋಳು. ಬೇರೆ ಏನು ಆಗಿರ್ಬಹುದು, ಅದನ್ನ ಹೇಳಿ.”

“ಹಾಗಾದ್ರೆ ಚುಕ್ಕಿ ಯಾಕೆ ಬೀಳ್ತಿಲ್ಲ?”

“ನನ್ನ ಮೂಗು ನಂಗೆ ಕಾಣತ್ತಾ? ನಿಮ್ಮಣ್ಣನ್ನ ಕೇಳಿ. ದಿನಾ ನೋಡೋರು ಅವರು.”

ಎಲ್ಲರೂ ಜಯಸಿಂಹನನ್ನು ನೋಡಿದರು. ಮೂವತ್ತು ವರ್ಷದಲ್ಲಿ ಹೆಂಡತಿಯ ಮೂಗುಬೊಟ್ಟು ಹೊಳೆಯಿತೇ ಇಲ್ಲವೇ ಎಂಬ ಒಂದು ಪ್ರಶ್ನೆಗೆ ಅವನಲ್ಲಿ ಉತ್ತರವಿರಲಿಲ್ಲ. ಪಾಪ, ಅವನು ದಿನಾ ತಪ್ಪದೆ ನೋಡುತ್ತಿದ್ದದ್ದು ಒಂದೇ ವಸ್ತುವನ್ನು. ಅದು ಅಪ್ಪನ ಕೈಗಡಿಯಾರ. ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿದ್ದ ಅಪ್ಪ ಬಿಟ್ಟುಹೋದ ಆಸ್ತಿ ಅದು. ಸಂಧ್ಯಾವಂದನೆ ತಪ್ಪಿದರೂ ಬೆಳಿಗ್ಗೆ ಎದ್ದು ಅದಕ್ಕೆ ಕೀ ಕೊಡುವುದು ತಪ್ಪುತ್ತಿರಲಿಲ್ಲ. ಗಾಜಿಗೆ ಗೀಚು ಬಿದ್ದೀತೆಂದು ಅದನ್ನು ತುಂಬುತೋಳಿನ ಅಂಗಿಯೊಳಗೇ ಇಟ್ಟುಕೊಂಡು, ಗುಂಡಿ ಹಾಕಿ, ಮದುವೆಮನೆಯಲ್ಲಿ ಬಡಿಸುವಾಗಲೂ ತೋಳು ಮಡಿಸದೆ ಸಾರಿನಲ್ಲಿ ಅದ್ದಿಕೊಂಡು ಬರುತ್ತಿದ್ದ.

“ಇದು ತೀರ್ಮಾನ ಆಗೋವರೆಗೂ ನಾನು ನಿಶ್ಚಿತಾರ್ಥಕ್ಕೆ ಬರಲ್ಲ,” ಅಂದಳು ಗೋದಾ. ಅವಳ ದನಿ ಏರಿರಲಿಲ್ಲ. ಬರಿದಾದ ಮೂಗಿನ ಮೇಲೆ ಒಂದು ಸಲ ಬೆರಳಾಡಿಸಿಕೊಂಡು, “ಅತ್ತೆ ಇಟ್ಟಿದ್ದನ್ನ ಮಾರ್ಕೊಂಡೋಳು ಅನ್ನಿಸ್ಕೊಂಡು ನಾನು ಆರತಿ ತಟ್ಟೆ ಹಿಡಿಯಲ್ಲ,” ಅಂದಳು. ಅವಳ ಕಣ್ಣು ತುಂಬಿದ್ದನ್ನು ಜಯಸಿಂಹ ನೋಡಿದ.

ಸಂಕಟವಾದಾಗ ಮನುಷ್ಯ ದೊಡ್ಡ ಮಾತು ಆಡುತ್ತಾನೆ. ಜಯಸಿಂಹ ಎದ್ದು ಅಮ್ಮನ ಫೋಟೋದ ಮುಂದೆ ನಿಂತು, ಹಾರವನ್ನು ಮುಟ್ಟಿ ಹೇಳಿದ: “ಆ ವಠಾರದ ಗೋಡೆ ಮೇಲೆ ಚುಕ್ಕಿ ಕುಣಿಸಿದ್ದು ಯಾವುದೋ, ಅದು ಎಲ್ಲಿದ್ರೂ ಸರಿ, ಯಾರ ಹತ್ರ ಇದ್ರೂ ಸರಿ, ಸಂಜೆಯೊಳಗೆ ಮಹತಿ ಕೈಗೆ ಕೊಡ್ತೀನಿ. ಅಮ್ಮನ ಆಣೆ.”

“ನಾನು ಸಾಕ್ಷಿ ಸಾರ್,” ಅಂದಿತು ಬಾಗಿಲಲ್ಲೊಂದು ದನಿ.

ಅನಂತರಾಜು ನೀರಿನ ಟ್ಯಾಂಕರ್ ವಿಷಯ ಮಾತಾಡಲು ಬಂದಿದ್ದವನು, ಒಳಗೆ ಜಗಳದ ವಾಸನೆ ಹತ್ತಿ ಚಪ್ಪಲಿ ಬಿಡುವುದನ್ನು ನಿಧಾನ ಮಾಡಿದ್ದ. ಅಟ್ಟೂರಿನ ಹಳೆಯ ರಾಗಿ ಹೊಲಗಳಲ್ಲಿ ಒಂದು ಅವರ ಮನೆತನದ್ದು. ಈಗ ಅದರ ಮೇಲೆ ಅವನ ನಾಲ್ಕು ಮಹಡಿ ನಿಂತಿತ್ತು. ಯಾರ ಮನೆಯ ಪಂಚಾಯಿತಿಯಾದರೂ ತನ್ನದೇ ಎಂದುಕೊಳ್ಳುವ ಒಳ್ಳೆಯ ಮನಸ್ಸು ಅವನದು.

“ವಜ್ರಾನೋ ಅಲ್ವೋ ಅಂತ ತಾನೆ ಸಾರ್? ಸುತ್ತಿಗೇಲಿ ಒಂದೇಟು ಹಾಕಿ. ವಜ್ರ ಆದ್ರೆ ಒಡೆಯಲ್ಲ.”

“ಒಡೆದ್ರೆ?” ಅಂದಳು ಮಹತಿ.

“ಒಡೆದ್ರೆ ವಜ್ರ ಅಲ್ಲ ಅಂತ ಗೊತ್ತಾಯ್ತಲ್ಲ ಕಣಮ್ಮ.”

ಅಷ್ಟರಲ್ಲಿ ಅವನ ತಾಯಿ ಗೌರಮ್ಮ ಬಂದರು. ಮಗ ಹೋದ ಕಡೆ ಏನೋ ನಡೆಯುತ್ತಿದೆ ಎಂದು ಅವರಿಗೆ ಹೇಗೋ ತಿಳಿಯುತ್ತಿತ್ತು. ಬೊಟ್ಟನ್ನು ಅಂಗೈ ಮೇಲೆ ಇಟ್ಟುಕೊಂಡು, ಬಾಯಿಯ ಆವಿ ಊದಿ, ಕಣ್ಣು ಕಿರಿದು ಮಾಡಿ ನೋಡಿದರು.

“ಅರಳೇನೋ ಒಳ್ಳೇದೇ ಸ್ವಾಮಿ. ಆದ್ರೆ ಯಾರೋ ಕಣ್ಣಾಕವ್ರೆ. ಅದ್ಕೇ ಇಂಗೆ ಮಂಕು ಇಡ್ದದೆ. ಒಸ ರಾಗಿ ಒಳಗೆ ಒಂದ್ ಗಳಿಗೆ ಊತಿಕ್ಕಿದ್ರೆ ಎಲ್ಲಾ ಇಳ್ದೋಯ್ತದೆ. ನಮ್ಮತ್ತೆ ಕಿವಿ ಓಲೇಗೂ ಇಂಗೇ ಮಾಡಿದ್ದು.”

ವಿದ್ಯಾವಂತನಾದ ಜಯಸಿಂಹ ಇದನ್ನು ನಂಬಲಿಲ್ಲ. ಆದರೆ ಬೇಡ ಎನ್ನಲು ಅವನಿಗೆ ಬೇರೆ ಉಪಾಯವೂ ಇರಲಿಲ್ಲ. ಒಂದು ಗಳಿಗೆ ತಾನೇ, ನಷ್ಟವೇನು ಎಂದುಕೊಂಡ. ಗೌರಮ್ಮ ಬೊಟ್ಟಿಗೆ ತಿರುಪು ಹಾಕಿಸಿಕೊಂಡು ಹೋಗಿ, ತಮ್ಮ ಮನೆಯ ರಾಗಿ ಡಬ್ಬದಲ್ಲಿ ಮೊಣಕೈವರೆಗೂ ಕೈ ಇಳಿಸಿ ಹೂತಿಟ್ಟು ಬಂದರು.

ಆ ಗಳಿಗೆ ಕಳೆಯುವವರೆಗೂ ಗೋದಾ ಅಡುಗೆಮನೆಯಲ್ಲಿ ಒಂದೇ ಪಾತ್ರೆಯನ್ನು ತೊಳೆದದ್ದೇ ತೊಳೆಯುತ್ತಿದ್ದಳು. ಭಾವನಾ ಫ್ಯಾನ್ ನೋಡುತ್ತ ಕೂತಿದ್ದಳು. ಕೊನೆಗೆ ಜಯಸಿಂಹ ಪಕ್ಕದ ಮನೆಗೆ ಹೋದ. ಗೌರಮ್ಮ ಡಬ್ಬದ ಮುಚ್ಚಳ ತೆಗೆದು, ಒಳಗೆ ನೋಡಿ, ಎದೆಯ ಮೇಲೆ ಕೈ ಇಟ್ಟುಕೊಂಡರು. ಡಬ್ಬ ಖಾಲಿಯಾಗಿತ್ತು. ಸೊಸೆ ಪದ್ಮಶ್ರೀ, ಏನೂ ಅರಿಯದವಳು, ಮುದ್ದೆಗೆ ಹಿಟ್ಟಿಲ್ಲವೆಂದು ರಾಗಿಯನ್ನು ಚೀಲಕ್ಕೆ ಸುರಿಸಿ ಮಿಲ್ಲಿಗೆ ಕಳಿಸಿದ್ದಳು.

ಜಯಸಿಂಹ ಓಡಿದ. ಅಟ್ಟೂರಿನ ಮುಖ್ಯರಸ್ತೆಯಲ್ಲಿ ಐವತ್ತು ದಾಟಿದ ಗೃಹಸ್ಥನೊಬ್ಬ ಇಸ್ತ್ರಿ ಅಂಗಿಯಲ್ಲಿ ಹಾಗೆ ಓಡುವುದನ್ನು ಕಂಡು ಬಸ್ ಡ್ರೈವರೊಬ್ಬ ತನ್ನ ಬಸ್ಸಿಗೇ ಓಡುತ್ತಿದ್ದಾನೆಂದು ಕರುಣೆಯಿಂದ ನಿಲ್ಲಿಸಿಕೊಂಡ. ಅವನ ಹಿಂದೆ ಅನಂತರಾಜು, ಅವನ ಹಿಂದೆ ಭಾವನಾ, ಕೊನೆಯಲ್ಲಿ ಮಹತಿ ಓಡುತ್ತಿದ್ದರು. ಬಸ್ಸು ಎಲ್ಲರನ್ನೂ ಕಾಯುತ್ತ ನಿಂತಿತ್ತು.

ಮಿಲ್ಲಿನ ಸಂಗಮೇಶ ಚೀಲವನ್ನು ಮಿಷನ್ನಿನ ಮೇಲಿನ ಗೂಡೆಗೆ ಬಗ್ಗಿಸಿ ಸುರಿಯುತ್ತಿದ್ದ. “ನಿಲ್ಸಿ, ನಿಲ್ಸಿ,” ಎನ್ನುತ್ತ ಜಯಸಿಂಹ ಹೋಗಿ ಗೂಡೆಯೊಳಗೆ ಎರಡೂ ಕೈ ಹಾಕಿದ. ಸಂಗಮೇಶ ಗಾಬರಿಯಿಂದ ಸ್ವಿಚ್ಚು ಆರಿಸುವ ಬದಲು ಹಿಟ್ಟಿನ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಎಳೆದುಬಿಟ್ಟ. ಬಿಸಿ ಬಿಸಿ ರಾಗಿಹಿಟ್ಟು ಭುಸ್ಸೆಂದು ಎದ್ದು, ಜಯಸಿಂಹನ ತಲೆ, ಮೀಸೆ, ಅಂಗಿಯ ತೋಳು ಎಲ್ಲವೂ ಒಂದೇ ಬಣ್ಣವಾದವು. ಮಿಷನ್ ನಿಂತ ಮೇಲೆ ಉಳಿದ ರಾಗಿಯನ್ನು ಜರಡಿ ಹಿಡಿದರು. ಹರಳಿನ ಬೊಟ್ಟು ಜರಡಿಯಲ್ಲಿ ಒಂಟಿಯಾಗಿ ಉಳಿಯಿತು. ಮಂಕೂ ಹಾಗೆಯೇ ಉಳಿದಿತ್ತು.

“ಇನ್ನು ಯಾರ ಮಾತೂ ಕೇಳಲ್ಲ,” ಅಂದ ಜಯಸಿಂಹ, ಕಣ್ಣಿನಿಂದ ಹಿಟ್ಟು ಒರೆಸಿಕೊಳ್ಳುತ್ತ. “ವಜ್ರ ಪರೀಕ್ಷೆ ಮಾಡೋರ ಹತ್ರಾನೇ ಹೋಗೋಣ.”

“ನಮ್ಮ ಫ್ಲಾಟ್ ಹತ್ರಾನೇ ಒಬ್ರು ಇದಾರೆ, ಸಬಾ ಅಂತ. ನನ್ ಉಂಗುರ ಅವರೇ ಚೆಕ್ ಮಾಡಿದ್ದು,” ಅಂದಳು ಮಹತಿ.

“ನಂದೇ ಕಾರು,” ಅಂದ ಅನಂತರಾಜು. “ಸಾಕ್ಷಿ ಅಂದ್ಮೇಲೆ ಕೊನೇವರ್ಗೂ ಇರ್ಬೇಕು.”

ಹೆಬ್ಬಾಳದ ಫ್ಲೈಓವರ್ ಬಳಿ ಗಾಡಿಗಳು ಎಂದಿನಂತೆ ನಿಂತಿದ್ದವು. ಮುಂದೆ ಅನಂತರಾಜು ಮತ್ತು ಮಹತಿ, ಹಿಂದೆ ಅಣ್ಣ ತಂಗಿ ಕೂತಿದ್ದರು. ಅವರಿಬ್ಬರ ನಡುವೆ ಕಾರು ಹತ್ತುವಾಗ ಮನೆಯಿಂದ ಎತ್ತಿಕೊಂಡ ಬೆಳ್ಳಿಯ ಬಟ್ಟಲು, ಅದರಲ್ಲಿ ರಾಗಿಹಿಟ್ಟು ಮೆತ್ತಿದ ಬೊಟ್ಟು. ಬಹಳ ಹೊತ್ತು ಇಬ್ಬರೂ ಬೇರೆ ಬೇರೆ ಕಿಟಕಿ ನೋಡಿದರು. ಗಾಡಿ ಮಾತ್ರ ಕದಲಲಿಲ್ಲ.

“ಅಣ್ಣ,” ಅಂದಳು ಭಾವನಾ ಕೊನೆಗೆ. “ನಂಗೆ ವಜ್ರ ಬೇಕು ಅಂತ ಅಲ್ಲ ಕಣೋ.”

“ಗೊತ್ತು.”

“ಆ ಚುಕ್ಕಿ ಇತ್ತಲ್ಲ. ಇವಳಿಗೆ ಒಂದ್ಸಲ ತೋರಿಸ್ಬೇಕು ಅಂತ ಆಸೆ. ಚಿಕ್ಕೋಳಿದ್ದಾಗಿಂದ ಅದರ ಕತೆ ಹೇಳಿ ಹೇಳಿ ಊಟ ಮಾಡ್ಸಿದೀನಿ. ಈಗ ನೋಡಿದ್ರೆ ನಾನು ಸುಳ್ಳು ಹೇಳ್ದಂಗಾಯ್ತು.”

ಜಯಸಿಂಹ ಅವಳ ಕಡೆಗೆ ತಿರುಗಿದ. “ಸುಳ್ಳಲ್ಲ. ನಾನೂ ನೋಡಿದೀನಲ್ಲ. ಅಪ್ಪ ಫಸ್ಟ್ ಶಿಫ್ಟ್ ಮುಗಿಸಿ ಬರೋರು. ಅಂಗಿ ತೋಳು ಮಡಿಸಿ, ಕಾಲು ತೊಳ್ಕೊಂಡು, ಕಾಫಿ ಲೋಟ ಹಿಡ್ಕೊಂಡು ಹೊಸ್ತಿಲ ಮೇಲೆ ಕೂರೋರು. ಅಮ್ಮ ಅಕ್ಕಿ ಆರ್ಸೋರು.”

“ಸೆಕೆಂಡ್ ಶಿಫ್ಟ್ ವಾರ ಚುಕ್ಕಿ ಬೀಳ್ತಾನೇ ಇರ್ಲಿಲ್ಲ, ನೆನಪಿದ್ಯಾ? ನಾನು ಅಳ್ತಿದ್ದೆ. ಚುಕ್ಕಿಗೂ ಈ ವಾರ ಸೆಕೆಂಡ್ ಶಿಫ್ಟ್ ಕಣೇ ಅನ್ನೋರು ಅಮ್ಮ.”

ಇಬ್ಬರೂ ನಕ್ಕರು. ಮುಂದಿನ ಸೀಟಿನಲ್ಲಿ ಅನಂತರಾಜು ಕನ್ನಡಿಯಲ್ಲಿ ಅವರನ್ನು ನೋಡಿ, ರಾಜಿಯಾಗಿಬಿಟ್ಟರೆ ಮುಂದೇನೆಂದು ಸ್ವಲ್ಪ ನಿರಾಶನಾದ. ಆದರೆ ಅಣ್ಣ ತಂಗಿಯ ಕಣ್ಣು ಮತ್ತೆ ಬಟ್ಟಲಿನ ಮೇಲೆ ಬಿತ್ತು, ನಗು ನಿಂತಿತು.

ಸಬಾಳ ಪರೀಕ್ಷಾಲಯ ಆರ್.ಟಿ. ನಗರದ ಬೇಕರಿಯೊಂದರ ಮೇಲಿನ ಮಹಡಿಯಲ್ಲಿತ್ತು. ಬಿಳಿ ಗೋಡೆ, ಬಿಳಿ ಮೇಜು, ಮೇಜಿನ ಮೇಲೊಂದು ಬಗ್ಗುವ ಕತ್ತಿನ ದೀಪ. ಸಬಾ ಮಹತಿಯ ವಯಸ್ಸಿನವಳು. ರಾಗಿಹಿಟ್ಟಿನ ಮೂರ್ತಿಯಂತೆ ಒಳಗೆ ಬಂದ ಜಯಸಿಂಹನನ್ನು ಮೇಲಿಂದ ಕೆಳಗೆ ನೋಡಿದಳು.

“ಅಂಕಲ್, ಹಿಟ್ಟು ಬಿದ್ರೆ ನನ್ ಮಿಷನ್ ಕೆಡತ್ತೆ. ಅಲ್ಲಿ ಸಿಂಕ್ ಇದೆ. ತೋಳು ಮಡಿಸ್ಕೊಂಡು ಚೆನ್ನಾಗಿ ತೊಳ್ಕೊಂಡು ಬನ್ನಿ.”

ಬೇರೆ ದಿನವಾಗಿದ್ದರೆ ಜಯಸಿಂಹ ಒಪ್ಪುತ್ತಿರಲಿಲ್ಲ. ಇಂದು ವಾದಿಸುವ ಶಕ್ತಿ ಉಳಿದಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಎರಡೂ ತೋಳನ್ನು ಮೊಣಕೈವರೆಗೆ ಮಡಿಸಿ, ಅಪ್ಪನ ವಾಚನ್ನು ಕರ್ಚೀಫಿನಿಂದ ಒರೆಸಿಕೊಂಡು ಬಂದು ಮೇಜಿನೆದುರು ಕೂತ.

ಸಬಾ ಬೊಟ್ಟನ್ನು ಯಂತ್ರದ ಮುಳ್ಳಿಗೆ ಮುಟ್ಟಿಸಿದಳು, ಭೂತಗನ್ನಡಿಯಲ್ಲಿ ನೋಡಿದಳು, ಬದಿಯಿಂದ ನೋಡಿದಳು. “ವಜ್ರಾನೇ. ಹಳೇ ಕಾಲದ್ದು. ಬಣ್ಣ ಪರವಾಗಿಲ್ಲ, ಒಳಗೆ ಕಲೆ ಏನೂ ಇಲ್ಲ.”

ಜಯಸಿಂಹನ ಜೀವ ಮರಳಿ ಬಂದಿತು. “ಕೇಳಿಸ್ಕೊಂಡ್ಯಾ ಭಾವನಾ?”

“ಆದ್ರೆ ಕಟಿಂಗ್ ಚೆನ್ನಾಗಿಲ್ಲ,” ಅಂದಳು ಸಬಾ. ಆಮೇಲೆ ಒಂದು ಪುಟ್ಟ ಕೊಳವೆಯನ್ನು ಹರಳಿನ ಮೇಲಿಟ್ಟು, “ಇದರಲ್ಲಿ ನೋಡಿ. ಬೆಳಕು ವಾಪಸ್ ಬರೋ ಕಡೆ ಕೆಂಪಗೆ ಕಾಣತ್ತೆ. ಸೋರಿ ಹೋಗೋ ಕಡೆ ಬೆಳ್ಳಗೆ.”

ಜಯಸಿಂಹ ಇಣುಕಿದ. ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಕೆಂಪು ಗೀರು. ಉಳಿದದ್ದೆಲ್ಲ ಬೆಳ್ಳಗಿತ್ತು.

ಸಬಾ ಕೈಯಲ್ಲೇ ಆಕಾರ ಮಾಡಿ ತೋರಿಸಿದಳು. “ದುಂಡು ಹರಳಿಗೆ ಮೇಲೆ ಚಪ್ಪಟೆ ಮುಖ, ಕೆಳಗೆ ಬುಗುರಿ ಥರ ಚೂಪು. ಕೆಳಗಿನ ಓರೆ ಸರಿಯಾಗಿದ್ರೆ ಬೆಳಕು ಮೇಲಿಂದ ಹೋಗಿ, ಈ ಬದಿಗೆ ತಾಗಿ, ಆ ಬದಿಗೆ ತಾಗಿ, ಮೇಲಕ್ಕೇ ಬರತ್ತೆ. ಆಗ ಫಳಫಳ ಅನ್ನತ್ತೆ. ಇದರ ತಳ ತುಂಬಾ ಆಳ ಬಿಟ್ಟಿದಾರೆ. ಹೋದ ಬೆಳಕು ಪಕ್ಕದಿಂದ ಸೋರಿ ಹೋಗತ್ತೆ, ನಡುವೆ ಕಪ್ಪಾಗಿ ಕಾಣತ್ತೆ. ತೀರಾ ಚಪ್ಪಟೆ ಮಾಡಿದ್ರೂ ಇದೇ ಪಾಡು.”

“ಅಂಗ್ಯಾಕಮ್ಮ ಆಳ ಬಿಡ್ತಾರೆ?” ಅಂದ ಅನಂತರಾಜು.

“ಕಡಿಮೆ ಉಜ್ಜಿದ್ರೆ ತೂಕ ಉಳಿಯತ್ತೆ ಅಂತ. ತೂಕ ಉಳೀತು, ಹೊಳಪು ಹೋಯ್ತು.”

“ಮುಂಚೆ ಹೊಳೀತಿತ್ತಮ್ಮ,” ಅಂದ ಜಯಸಿಂಹ. “ಗೋಡೆ ತುಂಬಾ ಚುಕ್ಕಿ ಬೀಳ್ತಿತ್ತು. ನಾನೇ ನೋಡಿದೀನಿ.”

“ಸಾಧ್ಯಾನೇ ಇಲ್ಲ ಅಂಕಲ್. ಕಟಿಂಗ್ ಮಧ್ಯದಲ್ಲಿ ಬದಲಾಗಲ್ಲ. ಈ ಹರಳು ಹುಟ್ಟಿದಾಗಿಂದ ಇಷ್ಟೇ.”

ಗೋದಾಳ ಹೆಸರು ಉಳಿಸಲು ಇಷ್ಟು ದೂರ ಬಂದವನು, ಅವಳ ಮೇಲಿನ ಅನುಮಾನಕ್ಕೆ ತಾನೇ ಮೊಹರು ಒತ್ತಿಸಿಕೊಂಡಂತಾಯಿತು. ಭಾವನಾ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು. ಅವಳು ಬೈದಿದ್ದರೆ ಜಯಸಿಂಹನಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಸಬಾಳಿಗೆ ಪಾಪ ಅನ್ನಿಸಿತೋ ಏನೋ. “ಚುಕ್ಕಿ ಅಂದ್ರೆ ಹೀಗಾ ಆಂಟಿ?” ಎನ್ನುತ್ತ ಕಾಗದದ ಪೊಟ್ಟಣ ಬಿಚ್ಚಿ, ಸಣ್ಣದೊಂದು ದುಂಡು ಹರಳನ್ನು ಚಿಮಟದಲ್ಲಿ ಹಿಡಿದು ದೀಪದ ಕೆಳಗೆ ಒಡ್ಡಿದಳು. ಅಮ್ಮನ ಹರಳಿಗಿಂತ ಅದು ಚಿಕ್ಕದು. ಆದರೂ ಬಿಳಿ ಗೋಡೆಯ ತುಂಬ ಬಣ್ಣದ ಚುಕ್ಕಿಗಳು ಎದ್ದವು.

“ಇದೇ,” ಅಂದಳು ಭಾವನಾ. “ಅಯ್ಯೋ, ಇದೇ ಕಣೇ ಮಹತಿ. ಹೀಗೇನೇ. ಇನ್ನೂ ಸ್ವಲ್ಪ ದಪ್ಪ ಇತ್ತು.” ಕೂತಲ್ಲಿಂದಲೇ ಅವಳ ಕೈ ಗೋಡೆಯ ಕಡೆಗೆ ಚಾಚಿಕೊಂಡಿತು.

ಸಬಾ ಹರಳನ್ನು ಪೊಟ್ಟಣಕ್ಕೆ ಹಾಕಿ ಮಡಿಸಿ ಡ್ರಾಯರಿಗೆ ಸೇರಿಸಿದಳು. ಚುಕ್ಕಿಗಳು ಮಾಯವಾದವು, ಎಲ್ಲವೂ ಅಲ್ಲ. ಒಂದಿಷ್ಟು ದಪ್ಪ ಚುಕ್ಕಿಗಳು ಗೋಡೆಯ ಮೇಲೇ ಕೂತಿದ್ದವು.

ಎಲ್ಲರೂ ಡ್ರಾಯರನ್ನು ನೋಡಿದರು. ಅದು ಮುಚ್ಚಿತ್ತು.

“ಅಮ್ಮಣ್ಣಿ, ಇದೇನು ಗಾಳಿ ಗೀಳಿ ಇರೋ ಜಾಗಾನಾ?” ಅಂದ ಅನಂತರಾಜು, ಬಾಗಿಲ ಕಡೆಗೆ ಸರಿಯುತ್ತ.

ಜಯಸಿಂಹ ಮೀಸೆಯ ಮೇಲೆ ಉಳಿದಿದ್ದ ಹಿಟ್ಟನ್ನು ಒರೆಸಿಕೊಳ್ಳಲು ಕೈ ಎತ್ತಿದ. ಗೋಡೆಯ ಚುಕ್ಕಿಗಳೆಲ್ಲ ಒಟ್ಟಿಗೆ ಎದ್ದು ಸೂರಿಗೆ ಓಡಿದವು. ಕೈ ಇಳಿಸಿದ. ಅವು ನೆಲಕ್ಕಿಳಿದವು. ಮೊದಲು ಅರ್ಥವಾದದ್ದು ಮಹತಿಗೆ. “ಮಾವ, ನಿಮ್ ವಾಚು,” ಅಂದಳು ಮೆಲ್ಲಗೆ.

ಸಬಾ ಅವನ ಮಣಿಕಟ್ಟನ್ನು ದೀಪದ ಹತ್ತಿರ ಎಳೆದುಕೊಂಡು ಭೂತಗನ್ನಡಿ ಇಟ್ಟಳು. ವಾಚಿನ ದುಂಡು ಗಾಜಿನ ಅಂಚಿಗೆ ಸುತ್ತಲೂ ಸಣ್ಣ ಸಣ್ಣ ಪಟ್ಟೆಗಳನ್ನು ಕೊರೆದಿತ್ತು. “ಇದು ಎಲ್ಲಾ ವಾಚಿಗೂ ಬರೋ ಗಾಜಲ್ಲ, ಕೈಯಲ್ಲಿ ಉಜ್ಜಿ ಕೊರ್ದಿರೋದು. ಎಲ್ಲಾ ಪಟ್ಟೆನೂ ಒಂದೇ ಅಳತೆ, ಒಂದೇ ಓರೆ. ಬರೀ ಗಾಜು ಅಂಕಲ್, ಆದ್ರೆ ಇದನ್ನ ಕೊರೆದ ಕೈ ನಿಮ್ಮ ವಜ್ರ ಕೊರೆದ ಕೈಗಿಂತ ಎಷ್ಟೋ ಚೆನ್ನಾಗಿದೆ.”

“ಅಪ್ಪ ಗಾಜಿನ ಸೆಕ್ಷನ್ನಲ್ಲಿದ್ರು,” ಅಂದ ಜಯಸಿಂಹ. ಅವನ ದನಿ ಅವನಿಗೇ ಹೊಸದಾಗಿ ಕೇಳಿಸಿತು.

ಹೊಸ್ತಿಲ ಮೇಲೆ ಕೂತ ಅಪ್ಪ, ಮಡಿಸಿದ ತೋಳು, ಮೊಣಕಾಲ ಮೇಲಿಟ್ಟ ಎಡಗೈ ಎಲ್ಲ ಕಣ್ಣ ಮುಂದೆ ಬಂದವು. ಬಾಗಿಲಿಂದ ಬಂದ ಬಿಸಿಲು ಮೊದಲು ಬೀಳುತ್ತಿದ್ದದ್ದು ಆ ಕೈಯ ಮೇಲೆ. ಕಾಫಿ ಕುಡಿಯುತ್ತ, ಅಮ್ಮ ತಲೆ ಅಲ್ಲಾಡಿಸಿದ ಕಡೆಗೆ ಕೈ ತಿರುಗಿಸುತ್ತ, ಏನೂ ಅರಿಯದವರ ಹಾಗೆ ಹೊರಗೆ ನೋಡುತ್ತ ಕೂತಿರುತ್ತಿದ್ದರು. ಕೈಲಾದಷ್ಟರಲ್ಲಿ ತಂದ ಹರಳು ಹೊಳೆಯುವುದಿಲ್ಲವೆಂದು ಅಪ್ಪನಿಗೆ ತಿಳಿದಿತ್ತು. ಅದಕ್ಕೇ ಹೊಳಪನ್ನು ತಾವೇ ಕೊರೆದು ತಂದಿದ್ದರು.

“ಸೆಕೆಂಡ್ ಶಿಫ್ಟು,” ಅಂದಳು ಭಾವನಾ. ಅಷ್ಟೇ ಅಂದದ್ದು. ಆಮೇಲೆ ಅಣ್ಣನ ರಾಗಿಹಿಟ್ಟಿನ ಭುಜಕ್ಕೆ ತಲೆ ಇಟ್ಟು ಅತ್ತಳು, ಎದ್ದಾಗ ಅವಳ ಹಣೆಯೂ ಹಿಟ್ಟಾಗಿತ್ತು. ಅಲ್ಲಿಂದಲೇ ಗೋದಾಳಿಗೆ ಫೋನ್ ಮಾಡಿದಳು. “ಅತ್ತಿಗೆ, ಹರಳು ಅಮ್ಮಂದೇ. ನನ್ನ ಬಾಯಿಗೆ ಬೆಂಕಿ ಬೀಳ. ತಪ್ಪಾಯ್ತು, ನಾಳೆ ನೀವೇ ಆರತಿ ಎತ್ಬೇಕು,” ಅಂದಳು. ಆ ಕಡೆಯಿಂದ, “ನಿನ್ ಮಗಳಿಗೆ ಯಾವ ಬಣ್ಣದ ಸೀರೆ, ಅದನ್ನ ಹೇಳು, ಹೊಂದೋ ಹೂವು ತರ್ತೀನಿ,” ಎಂದು ಗೋದಾ ಹೇಳಿದ್ದು ಎಲ್ಲರಿಗೂ ಕೇಳಿಸಿತು. ನೀವು ಹೋಗಿ ನೀನು ಬಂದಿತ್ತು. ಜಯಸಿಂಹ ಕಣ್ಣು ಮುಚ್ಚಿ ಉಸಿರು ಬಿಟ್ಟ.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

“ಸಾರ್,” ಅಂದ ಅನಂತರಾಜು ಗಂಟಲು ಸರಿಮಾಡಿಕೊಂಡು. “ಬೆಳಗ್ಗೆ ಅಮ್ಮನ ಫೋಟೋ ಮುಂದೆ ಏನಂದ್ರಿ? ಗೋಡೆ ಮೇಲೆ ಚುಕ್ಕಿ ಕುಣಿಸಿದ್ದು ಯಾವುದೋ ಅದು ಮಹತಮ್ಮಂಗೆ ಅಂದ್ರಿ. ಎಲ್ಲಿದ್ರೂ ಸರಿ, ಯಾರ ಹತ್ರ ಇದ್ರೂ ಸರಿ ಅಂದ್ರಿ. ನಾನು ಸಾಕ್ಷಿ.”

ಜಯಸಿಂಹ ತೋಳು ಇಳಿಸಿಕೊಳ್ಳಲು ನೋಡಿದ. ಹಿಟ್ಟು ಅಂಟಿ ಅದು ಇಳಿಯಲಿಲ್ಲ. “ಅದು ಬೊಟ್ಟಿನ ವಿಷಯ ಅಲ್ವೇನ್ರೀ,” ಅಂದ.

“ಬೊಟ್ಟು ನಿಮ್ ಮನೆಯೋರ ಮೂಗಿಗೆ ನಿಮ್ ತಾಯೋರೇ ಇಟ್ಟಿದ್ದು. ಅದು ಅಲ್ಲೇ ಇರ್ಲಿ ಸಾರ್. ಮಾತು ಮಾತೇ.”

“ಪರವಾಗಿಲ್ಲ ಮಾವ, ಬೇಡ,” ಅಂದಳು ಮಹತಿ. ಬಾಯಿ ಹಾಗೆ ಅಂದಿತು, ಕಣ್ಣು ಮಾತ್ರ ವಾಚಿನ ಮೇಲಿತ್ತು. ಊದಿದ ಮೂಗನ್ನು ಮುಟ್ಟಿಕೊಂಡು, “ಸುಮ್ನೆ ಚುಚ್ಚಿಸ್ಕೊಂಡೆ,” ಎಂದು ಸಣ್ಣಗೆ ನಕ್ಕಳು. ಚಿಕ್ಕಂದಿನಲ್ಲಿ ಭಾವನಾ ಹೀಗೇ ನಗುತ್ತಿದ್ದಳು, ಚುಕ್ಕಿ ಸಿಗದ ದಿನ. ಜಯಸಿಂಹ ವಾಚಿನ ಪಟ್ಟಿ ಬಿಚ್ಚಿದ. ಮಹತಿಯ ಕೈಗೆ ಕಟ್ಟುವಾಗ, “ಬೆಳಿಗ್ಗೆ ಎದ್ದ ತಕ್ಷಣ ಕೀ ಕೊಡ್ಬೇಕು ಪುಟ್ಟಿ. ಜಾಸ್ತಿ ತಿರುಗಿಸ್ಬೇಡ,” ಅಂದ. ಆಮೇಲೆ ಕಿಟಕಿಯ ಹತ್ತಿರ ಹೋಗಿ ಬೇಕರಿಯ ಬೋರ್ಡನ್ನು ಓದುತ್ತ ನಿಂತ.

ಸಂಜೆ ಮನೆಗೆ ಬಂದಾಗ ಗೋದಾ ಕಾಫಿ ಕೊಟ್ಟಳು. ಬೊಟ್ಟನ್ನು ಇಟ್ಟುಕೊಂಡು ತಿರುಪು ಬಿಗಿ ಮಾಡಿಕೊಳ್ಳುತ್ತ ಎಲ್ಲ ಕತೆ ಕೇಳಿದಳು. ಅಪ್ಪನ ಕೈಯ ಭಾಗ ಬಂದಾಗ ತಿರುಪು ತಿರುಗಿಸುವುದನ್ನು ನಿಲ್ಲಿಸಿದಳು.

“ಅಯ್ಯೋ. ಅತ್ತೆ ಇದನ್ನ ಇಡುವಾಗ ನಂಗೆ ಹೇಳಿದ್ರು ಕಣ್ರೀ. ಇದು ತಾನಾಗಿ ಹೊಳೆಯಲ್ಲಮ್ಮ, ನನ್ ಮಗ ಎದುರಿಗೆ ಬಂದು ಕೂತ್ರೆ ಮಾತ್ರ ಹೊಳೆಯತ್ತೆ, ಅಂದಿದ್ರು. ವಾಚ್ ಅವನ ಕೈಗೆ ಕೊಟ್ಟಿದೀನಿ ಅಂತಾನೂ ಅಂದ್ರು. ನಾನು ಏನೋ ದೊಡ್ಡೋರು, ಹೊಸ ಸೊಸೆಗೆ ತಮಾಷೆ ಮಾಡ್ತಿದಾರೆ ಅಂದ್ಕೊಂಡು ನಾಚ್ಕೊಂಡು ಸುಮ್ನಾದೆ.”

“ಮೂವತ್ತು ವರ್ಷ ಹೇಳ್ಲಿಲ್ವಲ್ಲೇ.”

“ಮೂವತ್ತು ವರ್ಷದಲ್ಲಿ ಒಂದು ದಿನ ಎದುರಿಗೆ ಕೂತಿದ್ರೆ ಹೇಳ್ಬೇಕಾಗೇ ಇರ್ಲಿಲ್ಲ.”

ಜಯಸಿಂಹ ಖಾಲಿ ಮಣಿಕಟ್ಟನ್ನು ನೋಡಿಕೊಂಡ. ವರ್ಷಗಟ್ಟಲೆ ಪಟ್ಟಿಯ ಕೆಳಗಿದ್ದ ಚರ್ಮ ಅಲ್ಲಿ ಬೆಳ್ಳಗಿತ್ತು. ಹಿಂದಿನ ಕಿಟಕಿಯಾಚೆ ಅನಂತರಾಜುವಿನ ನಾಲ್ಕು ಮಹಡಿಯ ಬೆನ್ನ ಹಿಂದೆ ಸೂರ್ಯ ಇನ್ನೂ ಇದ್ದಿರಬೇಕು. ಅವನು ಕುರ್ಚಿಯನ್ನು ಎಳೆದು ಹೆಂಡತಿಯ ಎದುರಿಗೆ ಹಾಕಿಕೊಂಡು ಕೂತ. ಕಾಫಿ ಮುಗಿಸಿ, ಸ್ಟೀಲ್ ಲೋಟವನ್ನು ಪಂಚೆಯಲ್ಲಿ ಒರೆಸಿ, ಮೊಬೈಲಿನ ಟಾರ್ಚ್ ಹಚ್ಚಿ ಲೋಟದ ತಳಕ್ಕೆ ಬಿಟ್ಟು, ಹೀಗೆ ತಿರುಗಿಸಿ ಹಾಗೆ ತಿರುಗಿಸಿ ನೋಡತೊಡಗಿದ.

“ಕಣ್ಣಿಗೆ ಬಿಡ್ಬೇಡ್ರೀ,” ಅಂದಳು ಗೋದಾ, ಮುಖ ಸ್ವಲ್ಪ ಓರೆ ಮಾಡಿ ಕೂತು. “ಗೋಡೆಗೆ ಬಿಡಿ.”